ಸಲಾಕೆ ತಣ್ಣಗಾಗುವ ತನಕ

ಮರಿತಾಯಮ್ಮ ಬೆಳಿಗ್ಗೆ ಎದ್ದು ಮುಖ ತೊಳೆದು, ಗೋಡೆಯ ಗೂಡಿನಲ್ಲಿದ್ದ ಮಾದಪ್ಪನ ಪಟಕ್ಕೆ ದೀಪ ಹಚ್ಚಿದ ಮೇಲೆ, ಬಾಯಿಗೆ ಒಂದು ಗುಟುಕು ನೀರನ್ನೂ ಹಾಕಿಕೊಳ್ಳದೆ, ಬಾಗಿಲ ಸಂದಿಯಲ್ಲಿ ಒರಗಿಸಿದ್ದ ಕಬ್ಬಿಣದ ಸಲಾಕೆ ಎತ್ತಿಕೊಂಡು ಗೊಬ್ಬರದ ಗುಂಡಿಗಳ ಕಡೆ ನಡೆಯುತ್ತಿದ್ದಳು. ಮೊದಲ ಗುಂಡಿಯ ನಟ್ಟನಡುವೆ ಸಲಾಕೆಯನ್ನು ಎರಡೂ ಕೈಯಿಂದ ಒತ್ತಿ ಇಳಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ನೂರೆಂಟು ಸಲ ಮಾದಪ್ಪನ ಹೆಸರು ಹೇಳಿಕೊಳ್ಳುವಳು. ಹೆಸರು ಮುಗಿದ ಮೇಲೆ ಸಲಾಕೆ ಕಿತ್ತು, ಒಳಗಿದ್ದ ತುದಿಯನ್ನು ಹಳೆಯ ಬಟ್ಟೆಯಲ್ಲಿ ಒರೆಸಿ, ಮುಂಗೈಯ ಒಳಮಗ್ಗುಲಿಗೆ ತಾಗಿಸುವಳು. ಚುರುಕ್ಕೆಂದರೆ ಒಳಗೆ ಇನ್ನೂ ಕುದಿಯುತ್ತಿದೆ ಎಂದು ಅರ್ಥ. ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿ ಇದ್ದರೆ ಇನ್ನೂ ಒಂದೆರಡು ತಿಂಗಳು ಬೇಕು. ನೀರಿನ ಮಡಕೆಯ ಬುಡ ಮುಟ್ಟಿದಂತೆ ತಣ್ಣಗಿದ್ದರೆ ಮಾಗಿದೆ, ತೆಗೆಯಬಹುದು.

ಆರು ಗುಂಡಿಗಳನ್ನೂ ಹೀಗೆ ಮುಟ್ಟಿ ನೋಡಿದ ಮೇಲೆಯೇ ಅವಳಿಗೆ ಬೆಳಗಾದಂತೆ. ಮಳೆ ಹುಯ್ಯುವಾಗ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬರುತ್ತಿದ್ದಳು. ಒಂದು ಸಲ ಚಳಿಜ್ವರ ಬಂದು ಮೇಲೇಳಲಾರದೆ ಮಲಗಿದ್ದಾಗ, ನೋಡಲು ಬಂದಿದ್ದ ಗೆಳತಿ ಖುರ್ಷೀದ್ ಬೇಗಂಳ ಭುಜ ಹಿಡಿದುಕೊಂಡೇ ಆರು ಗುಂಡಿಗಳನ್ನೂ ಸುತ್ತಿದ್ದಳು.

"ಗುಂಡಿಗಿಂತ ನಿನ್ನ ಮೈಯೇ ಜಾಸ್ತಿ ಸುಡ್ತಾ ಅದೆ. ಇದ್ಯಾವ ಹಟ ಅಕ್ಕ ನಿಂದು?" ಎಂದು ಖುರ್ಷೀದ್ ಬೇಗಂ ಬೈದಳು.

"ಅಟ ಅಲ್ಲ ಕಣವ್ವ, ರೂಢಿ" ಎಂದಳು ಮರಿತಾಯಮ್ಮ.

ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಕೂಡ ಒಂದೆರಡು ಸಲ ಹೇಳಿ ನೋಡಿದ್ದರು. "ವಾರಕ್ಕೊಂದು ಸಲ ನೋಡಿದ್ರೆ ಸಾಕಮ್ಮ. ದಿನಾ ಚುಚ್ಚಿದ್ರೆ ಅದೇನು ಬೇಗ ಕೊಳೆಯುತ್ತಾ?" ಅವಳು "ಆಯ್ತು ಬುದ್ದಿ" ಎನ್ನುವಳು. ಮಾರನೆಯ ಬೆಳಿಗ್ಗೆ ಮತ್ತೆ ಸಲಾಕೆ ಹಿಡಿದು ಹೊರಡುವಳು. ಅದು ಯಾಕೆಂದು ಇಡೀ ಮದ್ದೂರಿನಲ್ಲಿ ಅವಳನ್ನು ಬಿಟ್ಟರೆ ಇನ್ನೊಬ್ಬನಿಗೆ ಮಾತ್ರ ಗೊತ್ತಿತ್ತು. ಅವನು ಖುರ್ಷೀದ್ ಬೇಗಂಳ ಗಂಡ, ಎತ್ತಿನ ಗಾಡಿಯ ಅಫ್ಸರ್ ಪಾಷಾ.

ಗೊಬ್ಬರದ ಗುಂಡಿಗಳಿದ್ದದ್ದು ಪೇಟೆ ದಾಟಿ, ಶಿಂಷಾ ಹೊಳೆಯ ಕಡೆ ಇಳಿಯುವ ದಾರಿಯ ದಿಣ್ಣೆಯ ಮೇಲೆ. ಮೊದಲು ಪೇಟೆಯ ಕಸವನ್ನೆಲ್ಲ ಅಲ್ಲೇ ಸುರಿದು ಬೆಂಕಿ ಇಡುತ್ತಿದ್ದರು. ಯುದ್ಧ ಬಂದು ಅಕ್ಕಿ ರಾಗಿಗೆಲ್ಲ ರೇಷನ್ ಆಗಿ, ಎಲ್ಲಿ ನೋಡಿದರೂ ಹೆಚ್ಚು ಬೆಳೆಯಿರಿ ಎಂಬ ಮಾತೇ ಆದಾಗ, ಸುಡುವ ಕಸವನ್ನು ಗೊಬ್ಬರ ಮಾಡಬೇಕೆಂದು ಹುಕುಮು ಬಂತು. ಉದ್ದುದ್ದ ಗುಂಡಿ ತೋಡಿಸಿದರು. ಸಂತೆಯಲ್ಲಿ ಉಳಿದ ಕೊಳೆತ ಕಾಯಿಪಲ್ಯ, ಹೋಟೆಲಿನ ಎಂಜಲೆಲೆ, ಜಟಕಾ ನಿಲ್ಲುವ ಜಾಗದ ಕುದುರೆ ಲದ್ದಿ, ಕಬ್ಬಿನ ಸೋಗೆ, ಬೀದಿಯ ತರಗು ಎಲ್ಲ ಗಾಡಿಯಲ್ಲಿ ಬರುತ್ತಿತ್ತು. ಒಂದು ಗೇಣು ಕಸ, ಅದರ ಮೇಲೆ ಸಗಣಿಯ ಬಗ್ಗಡ, ಅದರ ಮೇಲೆ ತೆಳ್ಳಗೆ ಮಣ್ಣು. ಹೀಗೆ ಪದರ ಪದರವಾಗಿ ತುಂಬಿ, ಮೇಲೆ ಕೆಸರು ಮೆತ್ತಿ ಮುಚ್ಚಿದರೆ ಐದಾರು ತಿಂಗಳಿಗೆ ಗೊಬ್ಬರ. ಪೇಟೆಯ ಕಕ್ಕಸಿನ ಗುಂಡಿಗಳು ಇನ್ನೂ ಆಚೆ ಇದ್ದವು, ಅದರ ಕೆಲಸದವರು ಬೇರೆ.

ಗಾಜು ಚಿಂದಿ ತಗಡು ಆರಿಸಿ ತೆಗೆಯಲು, ಪದರಕ್ಕೆ ನೀರು ಹದ ನೋಡಲು, ದನ ನಾಯಿ ಕೆದಕದಂತೆ ಕಾಯಲು ಒಬ್ಬರು ಬೇಕಾಗಿತ್ತು. ಕಸ ಕಾಯುವ ಕೆಲಸವೆಂದು ಯಾರೂ ಮುಂದೆ ಬರಲಿಲ್ಲ. ಮರಿತಾಯಮ್ಮನ ಗಂಡ ಅಂಕಯ್ಯ ಪೇಟೆಯ ಬೀದಿ ದೀಪ ಹಚ್ಚುತ್ತಿದ್ದವನು, ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿದ ವರ್ಷವೇ ಜ್ವರ ಬಂದು ತೀರಿಕೊಂಡಿದ್ದ. ಮಕ್ಕಳು ಉಳಿದಿರಲಿಲ್ಲ. ಅಕ್ಕಿ ಗಿರಣಿಯಲ್ಲಿ ಹೊಟ್ಟು ಕೇರಿ ಕೇರಿ ಕೆಮ್ಮು ಹತ್ತಿಸಿಕೊಂಡಿದ್ದ ಅವಳು ಹೋಗಿ ಕೇಳಿದಳು. ಇನ್ಸ್‌ಪೆಕ್ಟರು ಅನುಮಾನದಿಂದ ನೋಡಿದರು.

"ವಾಸನೆ ಇರುತ್ತೆ ಕಣಮ್ಮ. ಹೆಂಗಸು ನೀನು, ತಡೀತೀಯಾ?"

"ನಾನು ಬೆಳ್ಳೂರವಳು ಬುದ್ದಿ. ಗೊಬ್ಬರದಲ್ಲೇ ಉಟ್ಟಿದ್ದು" ಎಂದಳು.

ಬೆಳ್ಳೂರು ಮದ್ದೂರಿನಿಂದ ಎಂಟು ಮೈಲಿ. ಸುತ್ತಿನವರು ಕೊಕ್ಕರೆ ಬೆಳ್ಳೂರು ಎನ್ನುತ್ತಾರೆ. ಪುಷ್ಯ ಮಾಸ ಬಂತೆಂದರೆ ಎಲ್ಲಿಂದಲೋ ಕೊಕ್ಕರೆಗಳು, ಹೆಜ್ಜಾರ್ಲೆಗಳು ಹಿಂಡು ಹಿಂಡಾಗಿ ಬಂದು ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಮನೆಯ ಸೂರಿಗೆ ತಾಗುವ ಕೊಂಬೆಗಳಲ್ಲೇ ಮೊಟ್ಟೆ ಇಟ್ಟು, ಮರಿ ಮಾಡಿ, ಮಳೆ ಶುರುವಾಗುವ ಹೊತ್ತಿಗೆ ಮರಿಗಳನ್ನು ಹಾರಿಸಿಕೊಂಡು ಹೋಗುತ್ತವೆ. ಊರವರು ಅವನ್ನು ಓಡಿಸುವುದಿಲ್ಲ, ಹುಣಸೆ ಹಣ್ಣು ಬಡಿಯಲೂ ಅವು ಹೋಗುವ ತನಕ ಕಾಯುತ್ತಾರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಹಕ್ಕಿ ಬರುವ ಮುಂಚೆ ಮರದ ಕೆಳಗೆ ಕೆರೆಯ ಗೋಡು, ಎಂದರೆ ಹೂಳುಮಣ್ಣು, ತಂದು ಹರಡುತ್ತಾರೆ. ಐದು ತಿಂಗಳು ಹಕ್ಕಿಯ ಹಿಕ್ಕೆ ಅದರ ಮೇಲೆ ಬೀಳುತ್ತದೆ. ಆಮೇಲೆ ಆ ಗೋಡನ್ನು ಕೆದಕಿ ಎತ್ತಿ ಹೊಲಕ್ಕೆ ಹೊಡೆದರೆ ರಾಗಿ ಎದೆಮಟ್ಟ ಬರುತ್ತದೆ. ಮರಿತಾಯಮ್ಮ ಲಂಗ ಎತ್ತಿ ಕಟ್ಟಿದ ವಯಸ್ಸಿನಿಂದ ಆ ಗೋಡು ಹೊತ್ತವಳು.

ಅವಳ ತವರಿನ ಹಿತ್ತಲಲ್ಲಿ ಅಂಥದೇ ಒಂದು ಹುಣಸೆ ಮರವಿತ್ತು, ಅವಳ ಅಜ್ಜನ ಕಾಲದ್ದು. ಆ ಮನೆಯಲ್ಲಿ ಒಂದು ಪದ್ಧತಿ ನಡೆದು ಬಂದಿತ್ತು. ಮರಕ್ಕೆ ಮೊದಲ ಹಕ್ಕಿಗಳು ಇಳಿದ ವಾರ, ಕೊಟ್ಟ ಊರಿನಿಂದ ಮನೆಯ ಹೆಣ್ಣುಮಕ್ಕಳನ್ನು ಕರೆಸಿ ಊಟ ಹಾಕಬೇಕು. ಆಕಾಶದಿಂದ ಬಂದ ಹೆಣ್ಣುಮಕ್ಕಳಿಗೆ ಜಾಗ ಕೊಟ್ಟು ಹೊಟ್ಟೆಯಲ್ಲಿ ಹುಟ್ಟಿದವರನ್ನು ಮರೆತರೆ ದೇವರು ಒಪ್ಪುತ್ತಾನೆಯೇ ಎಂದು ಅವಳ ಅವ್ವ ಹೇಳುತ್ತಿದ್ದಳು. ಅಪ್ಪ ಅವ್ವ ಹೋದ ಮೇಲೂ ಅಣ್ಣ ಚಿಕ್ಕಬೋರಯ್ಯ ಅದನ್ನು ಬಿಟ್ಟಿರಲಿಲ್ಲ. ಗಾಡಿ ಕಟ್ಟುತ್ತಿರಲಿಲ್ಲ, ಯಾರ ಕೈಯಲ್ಲೂ ಹೇಳಿ ಕಳಿಸುತ್ತಿರಲಿಲ್ಲ. ಎಂಟು ಮೈಲಿ ತಾನೇ ನಡೆದು ಬಂದು, ಒಳಗೆ ಬರದೆ ಬಾಗಿಲಲ್ಲೇ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತು, ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದ.

"ಅವು ಬಂದ್ವು ಕಣವ್ವ. ನೀನೂ ನಡಿ."

ಅಂಕಯ್ಯ ಸತ್ತ ವರ್ಷವೂ ಬಂದಿದ್ದ. ಆಗಲೂ ಇಷ್ಟೇ ಹೇಳಿದ್ದು. ಅಣ್ಣನ ಹಿಂದೆ ಹಿಂದೆ ಹೊಲದ ಬದುವಿನಲ್ಲಿ ನಡೆದರೆ, ಊರು ಇನ್ನೂ ಅರ್ಧ ಮೈಲಿ ಇರುವಾಗಲೇ ಹಕ್ಕಿಗಳ ಕೊಕ್ಕು ಕಟಕಟ ಕುಟ್ಟುವ ಸದ್ದು ಕಿವಿಗೆ ಬೀಳುವುದು. ಅವಳಿಗೆ ವರ್ಷದ ಉಳಿದ ದಿನಗಳನ್ನೆಲ್ಲ ಕಳೆಯಲು ಅದೊಂದು ಸದ್ದು ಸಾಕಾಗುತ್ತಿತ್ತು.

ಗುಂಡಿಯ ಕೆಲಸಕ್ಕೆ ಸೇರಿದ ವರ್ಷ ಅವಳು ಊರಿಗೆ ಹೋದಾಗ ಮರ ಬಳಲಿದಂತೆ ಕಂಡಿತು. ಕಣದ ಕಡೆಯ ಕೊಂಬೆಯಲ್ಲಿ ಎಲೆ ತೆಳ್ಳಗಾಗಿತ್ತು. ಚಿಕ್ಕಬೋರಯ್ಯ ಕತ್ತೆತ್ತಿ ನೋಡುತ್ತಾ, "ವಯಸ್ಸಾಯ್ತು, ನನ್ನಂಗೆ" ಎಂದ.

"ನಾನು ಗೊಬ್ಬರ ಕಳಿಸ್ತೀನಿ ಕಣಣ್ಣ" ಎಂದಳು ಮರಿತಾಯಮ್ಮ.

ಅತ್ತಿಗೆ ಹೊಂಬಾಳಮ್ಮ ನಕ್ಕಳು. "ಪ್ಯಾಟೆ ಕಸನಾ? ನಮ್ಮ ಅಕ್ಕಿ ಇಕ್ಕೆಗಿಂತ ಅದು ಎಚ್ಚಾ?"

ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅದು ಮರಿತಾಯಮ್ಮನ ಮನಸ್ಸಿನಲ್ಲಿ ಉಳಿಯಿತು. ಮದುವೆಯಾಗಿ ಹೋದಂದಿನಿಂದ ತವರಿನಿಂದ ಅವರೆಕಾಯಿ, ಹುಣಸೆಹಣ್ಣು, ಕುಪ್ಪಸದ ಬಟ್ಟೆ ಎಂದು ಮಡಿಲು ತುಂಬಿಸಿಕೊಂಡು ಬಂದದ್ದೇ ಹೊರತು, ತಾನೊಂದು ಹಿಡಿ ಏನನ್ನೂ ಆ ಮನೆಗೆ ಕೊಟ್ಟಿರಲಿಲ್ಲ. ಈಗ ಮೊದಲ ಸಲ ಅವಳ ಕೈಯಲ್ಲಿ ಕೊಡುವಂಥದು ಇತ್ತು.

ಮುಂದಿನ ಕಾರ್ತಿಕದಲ್ಲಿ ಎರಡನೆಯ ಗುಂಡಿ ಮುಚ್ಚಿ ಎರಡೂವರೆ ತಿಂಗಳಾಗಿತ್ತು. ಇನ್ಸ್‌ಪೆಕ್ಟರು ಐದು ತಿಂಗಳು ಎಂದಿದ್ದರು. ಆದರೆ ಹಕ್ಕಿ ಬರುವ ಮುಂಚೆ ಗೊಬ್ಬರ ಮರದ ಬುಡ ಸೇರಬೇಕೆಂದು ಅವಳಿಗೆ ಆತುರ. ಒಂದು ಮೂಲೆ ಕೆದಕಿ ನೋಡಿದಳು. ಕಪ್ಪಗೆ ಪುಡಿಪುಡಿಯಾಗಿತ್ತು. ಕೈ ಹಾಕಿದರೆ ಒಳಗಿನಿಂದ ಹಬೆ ಏಳುತ್ತಿತ್ತು. ಅದನ್ನು ಕಂಡು ಅವಳಿಗೆ ಇನ್ನಷ್ಟು ಸಂತೋಷವಾಯಿತು. ಹಕ್ಕಿಯ ಗೋಡು ಎಂದೂ ಹೀಗೆ ಬಿಸಿಯಾದದ್ದನ್ನು ಅವಳು ಕಂಡಿರಲಿಲ್ಲ. ಒಲೆಯಿಂದ ಇಳಿಸಿದ ಮುದ್ದೆಯನ್ನು ಬಿಸಿ ಇರುವಾಗಲೇ ಬಡಿಸಬೇಕು, ಆರಿದ್ದನ್ನು ನೆಂಟರಿಗೆ ಇಡಬಾರದು ಎಂದು ಕಲಿತು ಬೆಳೆದವಳು. ಬಿಸಿ ಇದ್ದರೆ ಬಲ ಜಾಸ್ತಿ, ಆರುವುದರೊಳಗೆ ಮರಕ್ಕೆ ಮುಟ್ಟಬೇಕು ಎಂದುಕೊಂಡಳು.

ಅಫ್ಸರ್ ಪಾಷಾ ಗಾಡಿ ಕಟ್ಟಿದ. ಹಬೆ ಆರದಿರಲೆಂದು ಅವಳೇ ಒದ್ದೆ ಗೋಣಿಚೀಲ ಹೊದಿಸಿದಳು. ಜೊತೆಯಲ್ಲೇ ಹೋಗಿ, ಅಣ್ಣನ ಕೈಲಿ ಮರದ ಬುಡ ಬಿಡಿಸಿ ಬೇರು ಕಾಣುವಂತೆ ಮಾಡಿಸಿ, ಗಾಡಿಯ ಗೊಬ್ಬರವನ್ನೆಲ್ಲ ಕಾಂಡದ ಸುತ್ತ ಮೊಣಕಾಲೆತ್ತರಕ್ಕೆ ಏರಿಸಿ, ಮೇಲೆ ಹುಲ್ಲು ಮುಚ್ಚಿ ನೀರು ಹಾಕಿಸಿದಳು. ಚಿಕ್ಕಬೋರಯ್ಯ ಹೇಳಿದಂತೆಲ್ಲ ಮಾಡಿದ. ತಂಗಿ ಕಲಿತುಕೊಂಡು ಬಂದಿದ್ದಾಳೆಂದು ಅವನಿಗೂ ಹೆಮ್ಮೆ.

ಇಪ್ಪತ್ತು ದಿನಕ್ಕೆ ಕಣದ ಕಡೆಯ ಕೊಂಬೆಯ ಎಲೆಯೆಲ್ಲ ಹಳದಿಯಾಗಿ ಉದುರಿತು. ತಿಂಗಳಿಗೆ ಮರದ ಅರ್ಧ ಬೋಳಾಯಿತು. ಗೊಬ್ಬರ ಸರಿಸಿ ನೋಡಿದರೆ ಬುಡದ ತೊಗಟೆ ಬೆಂದ ಗೆಣಸಿನ ಸಿಪ್ಪೆಯಂತೆ ಕಿತ್ತು ಬಂತು. ಪುಷ್ಯದಲ್ಲಿ ಹಕ್ಕಿಗಳು ಬಂದವು. ಮರದ ಮೇಲೆ ಎರಡು ದಿನ ಸುತ್ತು ಹಾಕಿ, ಇಳಿಯದೆ, ಪಕ್ಕದ ಕೇರಿಯ ಮರಗಳಿಗೆ ಹೋದವು. ಅಣ್ಣ ತಂಗಿಗೆ ಬುದ್ಧಿ ಬಂದಾಗಿನಿಂದ ಬೋಳಾಗಿ ಕಂಡಿರದ ಮರ ಆ ವರ್ಷ ಸದ್ದಿಲ್ಲದೆ ನಿಂತಿತು.

ಕರೆಯಲು ಅಣ್ಣ ಬರಲಿಲ್ಲ. ಹದಿನೈದು ದಿನ ನೋಡಿ, ತಾಳಲಾರದೆ ಮರಿತಾಯಮ್ಮ ತಾನೇ ಹೋದಳು. ಚಿಕ್ಕಬೋರಯ್ಯ ಜಗಲಿಯಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತಲಿಲ್ಲ. ಮಾತಾಡಿದವಳು ಹೊಂಬಾಳಮ್ಮ.

"ಬಾಣಂತನಕ್ಕೆ ಅಂತ ಬಂದ ಎಣ್ಮಕ್ಳ ಎಬ್ಬಿಸಿ ಕಳಿಸ್ದೆ ನೀನು. ಅವು ಬರ್ದೆ ಇದ್ದ ಮನೆಗೆ ನೀನೊಬ್ಬಳು ಬಂದು ಏನ್ ಉಣ್ತೀಯ?"

ಮರಿತಾಯಮ್ಮ ಅಣ್ಣನ ಕಡೆ ನೋಡಿದಳು. ಅವನು ಒಂದು ಮಾತು ಬೈದಿದ್ದರೂ ಅವಳಿಗೆ ಹಗುರವಾಗುತ್ತಿತ್ತು. ಅವನ ಬೆರಳುಗಳು ಹಗ್ಗ ಹೊಸೆಯುತ್ತಲೇ ಇದ್ದವು. ಹಿತ್ತಲಿಗೆ ಹೋಗಿ ಮರ ಮುಟ್ಟಲು ಅವಳಿಗೆ ಧೈರ್ಯ ಬರಲಿಲ್ಲ. ಬಂದ ದಾರಿಯಲ್ಲೇ ತಿರುಗಿದಳು.

ಆ ವಾರ ಗುಂಡಿ ನೋಡಲು ಬಂದ ಇನ್ಸ್‌ಪೆಕ್ಟರನ್ನು, ಬಿಸಿ ಗೊಬ್ಬರ ಗಿಡಕ್ಕೆ ಹಾಕಿದರೆ ಏನಾಗುತ್ತದೆ ಎಂದು ಕೇಳಿದಳು.

"ಬೇರು ಬೇಯುತ್ತಮ್ಮ. ಪೂರಾ ಆರಬೇಕು. ಆರಿದ ಮೇಲೂ ಬುಡಕ್ಕೆ ತಾಗಿಸಬಾರದು, ನೆರಳು ಎಲ್ಲಿ ಮುಗಿಯುತ್ತೋ ಅಲ್ಲಿ ತೆಳ್ಳಗೆ ಹರಡಬೇಕು. ಯಾಕೆ, ಯಾರಾದ್ರೂ ಹಾಕಿದ್ರಾ?"

"ಇಲ್ಲ ಬುದ್ದಿ. ಸುಮ್ನೆ ಕೇಳ್ದೆ."

ಮಾರನೆಯ ದಿನ ಅಫ್ಸರ್ ಪಾಷಾನನ್ನು ಕೇಳಿ, ಅವನ ಮುರಿದ ಗಾಡಿಯ ಒಂದು ಸಲಾಕೆ ಈಸಿಕೊಂಡಳು.

ಅಲ್ಲಿಂದ ಮೂರು ವರ್ಷ. ಅಷ್ಟರಲ್ಲಿ ಆ ದಿಣ್ಣೆಯ ಗೊಬ್ಬರಕ್ಕೆ ಹೆಸರು ಬಂದಿತ್ತು. ಊರ ಹೊಲಸೆಂದು ಮೂಗು ಮುಚ್ಚಿಕೊಳ್ಳುತ್ತಿದ್ದವರ ಮನೆಯಿಂದಲೇ ಮಕ್ಕರಿಗಳು ಬರತೊಡಗಿದವು. ಕೋರ್ಟು ಬೀದಿಯ ವಕೀಲರ ಹೆಂಡತಿ ತಮ್ಮ ಹಿತ್ತಲಿನ ಬದನೆಗಿಡಕ್ಕೆ ಹಾಕಿಸಿ, ನೆರೆಯವರಿಗೆ ದನದ ಗೊಬ್ಬರವೆಂದು ಹೇಳಿಕೊಂಡಿದ್ದರು. ಖುರ್ಷೀದ್ ಬೇಗಂ ಮನೆ ಮುಂದೆ ಒಡೆದ ಮಡಕೆಗಳಲ್ಲಿ ಪುದೀನ ಬೆಳೆಸಿ, "ನಮ್ಮ ಮರಿತಾಯಕ್ಕ ಮುಟ್ಟಿದ ಮಣ್ಣು" ಎಂದು ರಾಜಾರೋಷವಾಗಿ ಹೇಳುತ್ತಿದ್ದಳು. ಯಾರು ಬಂದರೂ ಮರಿತಾಯಮ್ಮ ಮೊದಲು ಅವರ ಕೈ ಹಿಡಿದು ಗೊಬ್ಬರದ ರಾಶಿಯೊಳಗೆ ಮೊಣಕೈ ತನಕ ಇಳಿಸುವಳು. "ತಣ್ಣಗದಾ? ಸರಿಯಾಗಿ ನೋಡಿ. ಅದ ಆಗದೆ ನಾನು ಕೊಡಕಿಲ್ಲ" ಎನ್ನುವಳು. ಜರಿಯ ಸೀರೆ ಉಟ್ಟು ಬಂದವರನ್ನೂ ಬಿಡುತ್ತಿರಲಿಲ್ಲ.

ಅಫ್ಸರ್ ಪಾಷಾ ಬೆಳ್ಳೂರಿನ ಆಚೆಯ ಒಂದು ತೆಂಗಿನ ತೋಟಕ್ಕೆ ಆಗಾಗ ಗೊಬ್ಬರ ಹೊಡೆಯುತ್ತಿದ್ದ. ಅವನ ಗಾಡಿ ವಾಪಸು ಬರುವ ಸದ್ದು ಕೇಳಿದರೆ ಮರಿತಾಯಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ದಾರಿಗೆ ಬಂದು ನಿಲ್ಲುವಳು. ಅಣ್ಣ ಹೇಗಿದ್ದಾನೆ, ಅತ್ತಿಗೆ ಏನಂದಳು, ಒಂದನ್ನೂ ಕೇಳಳು.

"ಮರ?" ಎನ್ನುವಳು, ಅಷ್ಟೇ.

"ಹಂಗೇ ಅದೆ ಅಕ್ಕ. ಎಲೆ ಸ್ವಲ್ಪ ಬಂದಂಗದೆ" ಎನ್ನುವನು ಅವನು.

ಎರಡನೆಯ ವರ್ಷದ ಪುಷ್ಯದಲ್ಲಿ ಹೀಗೆ ಕೇಳಿದಾಗ ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಎತ್ತಿನ ಮೂಗುದಾರ ಸರಿಮಾಡುತ್ತಾ, "ಬಂದವೆ ಅಕ್ಕ! ನಿಮ್ಮ ಮರಕ್ಕೂ ಬಂದವೆ" ಎಂದುಬಿಟ್ಟ.

ಅವಳ ಕಣ್ಣು ತುಂಬಿ ಬಂದವು. "ಯಾವ ಕೊಂಬೆಗೆ ಪಾಷಣ್ಣ?"

"ಅದೇ... ಮೇಲಿನ ಕೊಂಬೆಗೆ."

"ಬಾವಿ ಕಡೇದಕ್ಕೋ, ಕಣದ ಕಡೇದಕ್ಕೋ?"

"ಬಾವಿ ಕಡೇದಕ್ಕೇ."

ಮರಿತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಾವಿ ಕಡೆ ಕೊಂಬೆ ನಾನು ಉಟ್ಟೋಕೆ ಮುಂಚೇನೇ ಸಿಡಿಲು ಒಡ್ದು ಓಗ್ಯದೆ ಕಣಣ್ಣ."

ಅಫ್ಸರ್ ಪಾಷಾ ನಾಲಗೆ ಕಚ್ಚಿಕೊಂಡ. "ನಿನ್ನ ಮುಖ ನೋಡಿ ಸುಳ್ಳು ಬಂದೋಯ್ತು ಅಕ್ಕ. ತಪ್ಪಾಯ್ತು. ಅಲ್ಲಾನ ಆಣೆ, ಇನ್ಮೇಲೆ ನೋಡಿದ್ದೇ ಹೇಳ್ತೀನಿ."

"ಅಂಗೇ ಮಾಡು" ಎಂದಳು. "ಇಲ್ಲ ಅಂದ್ರೆ ಇಲ್ಲ ಅನ್ನು. ಅದು ನಂಗೆ ಗೊತ್ತಿರೋದೇ."

ಪುಷ್ಯ ಬಂದಾಗಲೆಲ್ಲ ಅವಳ ನಿದ್ದೆ ಕೆಡುತ್ತಿತ್ತು. ಶಿಂಷೆಯ ನೀರಿಗೆ ಮೀನು ಹುಡುಕಿಕೊಂಡು ಕೊಕ್ಕರೆಗಳು ಬರುವುದುಂಟು. ದಿಣ್ಣೆಯ ಮೇಲೆ ಹಾದು ಹೋಗುವ ಹಕ್ಕಿ ಕಂಡರೆ ಮಕ್ಕರಿ ಕೆಳಗಿಟ್ಟು ಕತ್ತೆತ್ತಿ ನಿಲ್ಲುವಳು. ಹಳದಿ ಕೊಕ್ಕು, ಬಾಲದ ಹತ್ತಿರ ನಸುಗೆಂಪು ಗರಿ. ಅವು ಪೂರ್ವಕ್ಕೆ ಹೋದರೆ ಬೆಳ್ಳೂರಿಗೇ ಎಂದುಕೊಳ್ಳುವಳು. ಅವಕ್ಕೆ ದಾರಿ ಕೇಳುವವರಿಲ್ಲ, ಯಾಕೆ ಬಂದೆ ಎನ್ನುವವರಿಲ್ಲ. ಕಾಣದಂತಾಗುವ ತನಕ ನೋಡಿ, ಮಾದಪ್ಪ, ಒಂದು ಜೊತೆ ನಮ್ಮ ಮರಕ್ಕೆ ಕಳಿಸು ಎಂದು ಕೈ ಮುಗಿಯುವಳು. ತನ್ನನ್ನು ಕಳಿಸು ಎಂದು ಎಂದೂ ಕೇಳಿಕೊಳ್ಳಲಿಲ್ಲ.

ಕಳೆದ ಮಳೆಗಾಲದಲ್ಲಿ ಅವಳು ಒಂದು ಕೆಲಸ ಮಾಡಿದಳು. ಒಂದನೆಯ ಗುಂಡಿ ಮುಚ್ಚಿ ಎಂಟು ತಿಂಗಳಾಗಿತ್ತು. ತಿಂಗಳಿನಿಂದ ಸಲಾಕೆ ತಣ್ಣಗೇ ಬರುತ್ತಿತ್ತು. ಆದರೂ ಇನ್ನೊಂದು ತಿಂಗಳು ಬಿಟ್ಟಳು. ಆಮೇಲೆ ಇನ್ಸ್‌ಪೆಕ್ಟರನ್ನು ಕೇಳಿ ಒಂದು ಚೀಲ ಗೊಬ್ಬರ ತೆಗೆದು, ಜರಡಿ ಹಿಡಿದು, ಗಾಜಿನ ಒಂದು ಚೂರೂ ಇಲ್ಲದಂತೆ ಬೆರಳಾಡಿಸಿ, ಬಾಯಿ ಹೊಲಿದು ಅಫ್ಸರ್ ಪಾಷಾನ ಗಾಡಿಗೆ ಇಟ್ಟಳು.

"ಅಣ್ಣನಿಗೆ ಕೊಡು. ಬುಡಕ್ಕೆ ಮುಟ್ಟಿಸಬ್ಯಾಡ ಅನ್ನು. ಮಟ ಮಟ ಮಧ್ಯಾಹ್ನ ನೆರಳು ಎಲ್ಲಿ ತನಕ ಬೀಳ್ತದೋ ಆ ಅಂಚಿಗೆ, ಒಂದು ಬೆರಳು ದಪ್ಪ. ಆಕೋಕೆ ಮುಂಚೆ ತಾನೇ ಒಳಗೆ ಕೈ ಇಟ್ಟು ನೋಡ್ಲಿ. ಬ್ಯಾಡ ಅಂದ್ರೆ ಬಲವಂತ ಮಾಡಬ್ಯಾಡ, ವಾಪಸ್ ತಗಂಬಾ."

ಸಂಜೆ ಅಫ್ಸರ್ ಪಾಷಾ ಬಂದು, ನೋಡಿದ್ದನ್ನು ನೋಡಿದಂತೆ ಹೇಳಿದ. ಚಿಕ್ಕಬೋರಯ್ಯ ಚೀಲ ಬಿಚ್ಚಿ ಕೈ ಇಳಿಸಿದ. ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಚೀಲವನ್ನು ಹಿತ್ತಲಿಗೆ ಎಳೆದುಕೊಂಡು ಹೋದ.

"ವಾಪಸ್ ಕೊಡ್ಲಿಲ್ವಾ?" ಎಂದಳು ಮರಿತಾಯಮ್ಮ.

"ಕೊಡ್ಲಿಲ್ಲ."

ಅಂದು ಅವಳು ಎರಡು ಬತ್ತಿಯ ದೀಪ ಹಚ್ಚಿದಳು. ಆಮೇಲೆ ತಿಂಗಳಿಗೊಂದು ಚೀಲ, ಒಟ್ಟು ನಾಲ್ಕು ಚೀಲ ಹೋದವು. ಒಂದೂ ವಾಪಸು ಬರಲಿಲ್ಲ, ಒಂದಕ್ಕೂ ಉತ್ತರ ಬರಲಿಲ್ಲ.

ಈ ವರ್ಷದ ಪುಷ್ಯ ಕಳೆದು ಮಾಘ ಅರ್ಧವಾಗಿತ್ತು. ಪೇಟೆಯಲ್ಲೆಲ್ಲ ಬಿಳಿಯರು ಬಿಟ್ಟು ಹೋಗುತ್ತಾರಂತೆ ಎಂಬ ಮಾತು. ಒಂದು ಮಧ್ಯಾಹ್ನ ಮರಿತಾಯಮ್ಮ ನಾಲ್ಕನೆಯ ಗುಂಡಿಗೆ ಬಗ್ಗಡ ಚಿಮುಕಿಸುತ್ತಿದ್ದಾಗ ಗಾಡಿಯ ಸದ್ದು ಕೇಳಿಸಿತು. ಎತ್ತುಗಳು ಓಡುತ್ತಾ ಬರುತ್ತಿದ್ದವು. ಅವುಗಳನ್ನು ಅಫ್ಸರ್ ಪಾಷಾ ಎಂದೂ ಓಡಿಸಿದವನಲ್ಲ.

"ಅಕ್ಕಾ!" ಎಂದು ದೂರದಿಂದಲೇ ಕೂಗಿದ. "ಕಣದ ಕಡೆ ಕೊಂಬೆ! ಮೇಲಿಂದು ಅಲ್ಲ, ಕೆಳಗಿಂದು, ಸೂರಿನ ಕಡೆಗೆ ಬಗ್ಗ್ಯದೆಯಲ್ಲ ಅದು! ಎರಡು ಗೂಡು!"

ಅವಳು ಬಗ್ಗಡದ ಕೈಯಲ್ಲೇ ನಿಂತಳು. "ನೀನು ಕಣ್ಣಾರೆ ನೋಡ್ದಾ?"

"ಕಣ್ಣಾರೆ. ನಿನ್ನ ಅಣ್ಣನೇ ರೆಟ್ಟೆ ಹಿಡ್ದು ಹಿತ್ತಲಿಗೆ ಕರ್ಕೊಂಡೋಗಿ ತೋರಿಸ್ದ. ಒಂದ್ರಲ್ಲಿ ಕಾವು ಕೂತದೆ. ಇನ್ನೊಂದ್ಕೆ ಇನ್ನೂ ಕಡ್ಡಿ ತರ್ತಾವೆ." ಗಾಡಿಯಿಂದ ಇಳಿದು, ಹೆಗಲ ವಸ್ತ್ರದ ತುದಿಯಲ್ಲಿದ್ದ ಗಂಟು ಬಿಚ್ಚಿದ. ಬಾಳೆಯ ಒಣಪಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಮಣ್ಣು. ಬೂದು ಬಣ್ಣದ ಕೆರೆಯ ಗೋಡು, ಮೇಲೆ ಸುಣ್ಣ ಎರಚಿದಂತೆ ಹಕ್ಕಿಯ ಹಿಕ್ಕೆ. "ಇದ್ನ ಮರಿತಾಯಿಗೆ ಕೊಡು ಅಂದ."

"ಇನ್ನೇನಂದ?"

"ಅವನೇನೂ ಅನ್ಲಿಲ್ಲ. ನಿನ್ನ ಅತ್ತಿಗೆ ಒಳಗಿಂದ ಅಂದ್ಲು. ಬರೋದಾದ್ರೆ ಬರ್ಲಿ ಅನ್ನಿ, ನಾವೇನು ಬಾಗ್ಲು ಆಕ್ಕೊಂಡು ಕೂತಿಲ್ಲ ಅಂತ."

ಮರಿತಾಯಮ್ಮ ಕೈ ತೊಳೆದುಕೊಂಡು ಬಂದು ಆ ಮಣ್ಣನ್ನು ಈಸಿಕೊಂಡಳು. ಮೂಸಿ ನೋಡಿದಳು. ಚಿಕ್ಕಂದಿನ ಹಿತ್ತಲು, ಬೆಳಗಿನ ಬಿಸಿಲು, ಅವ್ವ ರಾಗಿ ಕೇರುತ್ತಿದ್ದ ಮೊರದ ಸದ್ದು ಎಲ್ಲ ಆ ಒಂದು ಹಿಡಿಯಲ್ಲಿದ್ದಂತೆ ಅನ್ನಿಸಿತು. ಗುಂಡಿಯ ಕಟ್ಟೆಯ ಮೇಲೆ ಕುಳಿತಳು.

"ಏನ್ ಕೂತ್ಕೊಂಡೆ? ಏಳು" ಎಂದ ಅಫ್ಸರ್ ಪಾಷಾ. "ಬೆಳಿಗ್ಗೆ ಮತ್ತೆ ತೋಟಕ್ಕೆ ಒಂದು ಲೋಡು ಅದೆ. ಗೊಬ್ಬರ ಹಿಂದೆ ಹಾಕ್ತೀನಿ, ಮುಂದೆ ನಿಂಗೆ ಹುಲ್ಲು ಹಾಸಿ ಜಮಖಾನ ಹಾಕ್ತೀನಿ. ನಮ್ಮವಳು ಹೊದ್ದೋಕೆ ಶಾಲು ಕೊಡ್ತಾಳೆ. ರಾಣಿ ಹಂಗೆ ಕರ್ಕೊಂಡೋಗಿ ಮನೆ ಬಾಗ್ಲಲ್ಲೇ ಇಳಿಸ್ತೀನಿ. ನಿಂಗೆ ಮಾತು ಬರ್ದಿದ್ರೆ ಅವರತ್ರ ನಾನೇ ಮಾತಾಡ್ತೀನಿ."

ಅವಳು ಮಣ್ಣನ್ನು ಬಾಳೆಪಟ್ಟೆಯಲ್ಲಿ ಮತ್ತೆ ಸುತ್ತಿಟ್ಟುಕೊಂಡಳು. ಆ ರಾತ್ರಿ ಪೆಟ್ಟಿಗೆಯಿಂದ ನೀಲಿ ಅಂಚಿನ ಸೀರೆ ತೆಗೆದು ಮಡಿಕೆ ಬಿಡಿಸಿ, ಮತ್ತೆ ಮಡಿಸಿದಳು. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಅದನ್ನೇ ಉಟ್ಟಳು. ದೀಪ ಹಚ್ಚಿದಳು. ಸಲಾಕೆ ಎತ್ತಿಕೊಂಡು ಹೋಗಿ ಸೀರೆ ಮಣ್ಣಾಗದಂತೆ ನಿರಿಗೆ ಸಿಕ್ಕಿಸಿ ಆರು ಗುಂಡಿಗಳನ್ನೂ ನೋಡಿದಳು. ಎರಡನೆಯದು ಎಂದೋ ಮಾಗಿತ್ತು, ಅದರ ಒಂದು ಚೀಲ ಆಗಲೇ ಹೊಲಿದು ಮನೆಯೊಳಗಿಟ್ಟಿದ್ದಳು. ಐದನೆಯದು ಮೇಲೆ ತಣ್ಣಗೆ ಕಂಡರೂ ಸಲಾಕೆಯ ತುದಿ ಮುಂಗೈಗೆ ಚುರುಕ್ಕೆಂದಿತು. ಅಲ್ಲೇ ನಿಂತು ಮುಂಗೈಯನ್ನು ಉಜ್ಜಿಕೊಂಡಳು.

ಅಫ್ಸರ್ ಪಾಷಾ ಹೇಳಿದಂತೆಯೇ ಗಾಡಿಯ ಮುಂಭಾಗ ತೊಳೆದು, ಹುಲ್ಲಿನ ಮೇಲೆ ಜಮಖಾನ ಹಾಸಿಕೊಂಡು ಅವಳ ಮನೆ ಬಾಗಿಲಿಗೆ ಬಂದಿದ್ದ. ಎತ್ತುಗಳ ಕೊಂಬಿಗೆ ಎಣ್ಣೆ ಸವರಿದ್ದ. ನೀಲಿ ಅಂಚಿನ ಸೀರೆ ಕಂಡು ಅವನ ಮುಖ ಅರಳಿತು.

"ಹತ್ತು ಅಕ್ಕ, ಹತ್ತು. ಬಿಸಿಲೇರೋ ಮುಂಚೆ ಊರು ಸೇರ್‍ಕೊಳ್ಳಾಣ."

ಮರಿತಾಯಮ್ಮ ಗಾಡಿಯ ಮರದ ಮೇಲೆ ಕೈ ಇಟ್ಟಳು. ಒಂದು ಕಾಲನ್ನೂ ಎತ್ತಿಟ್ಟಳು. ಎಂಟು ಮೈಲಿ. ಅಲ್ಲಿ ಸೂರಿನ ಕಡೆ ಬಗ್ಗಿದ ಕೊಂಬೆ, ಕಾವು ಕುಳಿತ ಹಕ್ಕಿ, ಜಗಲಿಯಲ್ಲಿ ಅಣ್ಣ. ಎತ್ತಿಟ್ಟ ಕಾಲನ್ನು ಕೆಳಗಿಳಿಸಿದಳು.

"ಬ್ಯಾಡ ಪಾಷಣ್ಣ" ಎಂದಳು.

"ಯಾಕೆ? ಬರ್ಲಿ ಅಂತ ಹೇಳಿಲ್ವ ಅವ್ರು?"

"ಬರೋದಾದ್ರೆ ಬರ್ಲಿ ಅಂದವ್ರೆ. ಅವು ಬಂದ್ವು ನೀನೂ ನಡಿ ಅಂತ ಅಣ್ಣ ಬಂದು ಅಂದಿಲ್ಲ."

"ಅವನ ಮಂಡಿ ನೋಡಿದ್ದೀಯಾ ನೀನು? ಈಗ ಕೋಲು ಹಿಡ್ದು ಹಿತ್ತಲಿಗೆ ಹೋಗೋನು ಎಂಟು ಮೈಲಿ ಬಂದಾನಾ? ಇದೊಳ್ಳೆ ಬಿಗುಮಾನ ಆಯ್ತಲ್ಲ ನಿಂದು!"

"ಬಿಗುಮಾನ ಅಲ್ಲ ಕಣಣ್ಣ, ಬಯ." ಅವಳು ಸೆರಗಿನ ಗಂಟಿನಲ್ಲಿದ್ದ ಗೋಡಿನ ಮಣ್ಣನ್ನು ಮುಟ್ಟಿಕೊಂಡಳು. "ಮಣ್ಣು ತಣ್ಣಗದೆ. ಅತ್ತಿಗೆ ಮಾತು ಇನ್ನೂ ಆರಿಲ್ಲ. ಒಂದ್ಸಲ ನಾನು ಕಾಯ್ನಾರ್ದೆ ಓಗಿ ಆ ಮರಾನ ಬೇಯಿಸಿದ್ದೀನಿ. ಈಗ ಕಾವು ಕೂತಿರೋ ಒತ್ತು. ನಾನು ಓಗಿ ಅಂಗಳದಲ್ಲಿ ಒಂದು ಮಾತು ಎಚ್ಚುಕಮ್ಮಿ ಆದ್ರೆ, ಅವು ಎದ್ದೋದ್ರೆ, ಮತ್ತೆ ಇನ್ನೆಷ್ಟು ವರ್ಸ? ಮರಿ ಎಲ್ಲ ಆರ್ಕೊಂಡು ಓಗ್ಲಿ. ಅಣ್ಣನ ಮನಸ್ಸಿಗೆ ಬಂದ್ರೆ ಕರೀಲಿ, ಮುಂದಿನ ಪುಷ್ಯಕ್ಕಾದ್ರೂ ಸರಿ."

"ಅಷ್ಟೊತ್ತಿಗೆ ಯಾರಿರ್ತಾರೋ ಯಾರಿಲ್ವೋ ಅಕ್ಕ."

"ಅದು ಮಾದಪ್ಪನಿಗೆ ಬಿಟ್ಟಿದ್ದು."

ಅವಳು ಮನೆಯೊಳಗೆ ಹೋಗಿ ಬಾಯಿ ಹೊಲಿದ ಆ ಚೀಲ ಎಳೆದು ತಂದಳು. ಅಫ್ಸರ್ ಪಾಷಾ ಇಳಿದು ಕೈ ಕೊಡಬಂದ. ಅವಳು ಬೇಡವೆಂದು ತಾನೇ ಎತ್ತಿ, ತನಗೆಂದು ಹಾಸಿದ್ದ ಜಮಖಾನವನ್ನು ಮಡಿಸಿ ಪಕ್ಕಕ್ಕಿಟ್ಟು, ಆ ಹುಲ್ಲಿನ ಮೇಲೆ ಚೀಲವನ್ನು ಕೂರಿಸಿದಳು.

"ಇದು ಎರಡ್ನೇ ಗುಂಡೀದು. ಚೆನ್ನಾಗಿ ಮಾಗ್ಯದೆ. ಆದ್ರೂ ಅಕ್ಕಿ ಮರಿ ಮಾಡ್ಕೊಂಡು ಓಗೋ ತನಕ ಆಕಬ್ಯಾಡ ಅನ್ನು, ಜಗಲಿ ಮೇಲೆ ಇರ್ಲಿ. ಗಾಡಿ ಒಡಿ ಪಾಷಣ್ಣ, ಒತ್ತಾಯ್ತದೆ. ನಾ ಬರಕಿಲ್ಲ."